ನಮ್ಮ ಬುತ್ತಿ ಸಪ್ಪೆ ಅಲ್ಲ ಸರ್

ಲೇಖನ ಚೆನ್ನಾಗಿದೆ. ಆದರೆ ರೈಲು ಪ್ರಯಾಣದಲ್ಲಿ ಸ್ಟೇಷನ್ ತಿಂಡಿಯೇ ಮಜಾ, ಮನೆ ಬುತ್ತಿ ಸಪ್ಪೆ ಅಂತ ಬರೆದಿದ್ದೀರಲ್ಲ, ಅದನ್ನು ಕಲಬುರಗಿಯವರು ಯಾರೂ ಒಪ್ಪಲ್ಲ.

ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಕಡೆ ಹೊರಟರೆ, ವಾಡಿ ದಾಟುವಷ್ಟರಲ್ಲಿ ಯಾರಾದರೂ ಒಬ್ಬರು ಬುತ್ತಿ ಗಂಟು ಬಿಚ್ಚಿರುತ್ತಾರೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಶೇಂಗಾ ಚಟ್ನಿ ಪುಡಿ), ಗಟ್ಟಿ ಮೊಸರು. ಹಿಂಡಿಯ ನಡುವೆ ಬೆರಳಿನಿಂದ ಗುಳಿ ಮಾಡಿ ಎಣ್ಣೆ ಹಾಕಬೇಕು. ರೊಟ್ಟಿ ಚೂರಿಗೆ ಅದನ್ನು ಹಚ್ಚಿ, ಮೇಲೆ ಒಂಚೂರು ಮೊಸರು. ಪಕ್ಕಕ್ಕೆ ಉಳ್ಳಾಗಡ್ಡಿ. ಅದನ್ನೂ ಮುಷ್ಟಿಯಿಂದ ಗುದ್ದಿ ಒಡೆದರೇನೇ ರುಚಿ, ಚಾಕುವಿನಲ್ಲಿ ಹೆಚ್ಚಿದ್ದು ಪೇಷಂಟ್ ಊಟ! ರೊಟ್ಟಿಯಲ್ಲಿ ತೇವ ಉಳಿಯದ ಹಾಗೆ ಒಣಗಿಸಿರುತ್ತಾರೆ. ಹಾಗಾಗಿ ವಾರಗಟ್ಟಲೆ ಕೆಡಲ್ಲ. ಹಾಸ್ಟೆಲ್ ಮಕ್ಕಳಿಗೆ ಕಟ್ಟಿ ಕಳಿಸುವುದೂ ಇದನ್ನೇ.

ಮನೆಯಲ್ಲಾದರೆ ಪುಂಡಿ ಪಲ್ಯ. ಹುಳಿ ಸೊಪ್ಪು, ಬೇಳೆ, ಜೋಳದ ನುಚ್ಚು ಕೂಡಿ ಬೆಂದು, ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ರೊಟ್ಟಿ ಎಷ್ಟು ಹೋಯಿತು ಅನ್ನೋ ಲೆಕ್ಕವೇ ಸಿಗಲ್ಲ. ಅಂದಹಾಗೆ, ನಮ್ಮ ತೊಗರಿ ಬೇಳೆಗೆ 2019ರಲ್ಲೇ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ವಿಶೇಷ ಅನ್ನೋ ಅಧಿಕೃತ ಗುರುತು ಸಿಕ್ಕಿದೆ. ಬೆಂಗಳೂರಿನವರು ಯಾವುದೋ ಬೇಳೆ ತಂದು ಸಾಂಬಾರ್ ಚೆನ್ನಾಗಿಲ್ಲ ಅಂತಾರೆ, ಏನು ಹೇಳೋದು!

ಹಾಗಂತ ಹೊರಗಿನ ತಿಂಡಿ ಬೇಡ ಅಂತಲ್ಲ. ಬೆಳಿಗ್ಗೆ ಸುಸಲಾ (ಮಂಡಕ್ಕಿ ಒಗ್ಗರಣೆ) ಜೊತೆ ಬಿಸಿ ಮಿರ್ಚಿ ಬಜ್ಜಿ ಕಂಡರೆ ನಾನೂ ನಿಲ್ಲುತ್ತೇನೆ. ಸಿಹಿ ಮಾಲ್ಪುರಿಯನ್ನಂತೂ ಬಿಡೋ ಮಾತೇ ಇಲ್ಲ.

ಮುಂದಿನ ಲೇಖನ ಬರೆಯೋ ಮೊದಲು ಎಳ್ಳಮಾವಾಸ್ಯೆಗೆ ಈ ಕಡೆ ಬನ್ನಿ ಸರ್. ಹೊಲದಲ್ಲಿ ಕೂತು ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಉಣ್ಣಿ. ಈ ಭಜ್ಜಿಯಲ್ಲಿ ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲಾ ಒಂದೇ ಪಾತ್ರೆಯಲ್ಲಿ ಬೆಂದಿರುತ್ತೆ. ಆಮೇಲೆ ಬೇಕಾದರೆ ಸ್ಟೇಷನ್ ತಿಂಡಿ ಬಗ್ಗೆ ಮಾತಾಡೋಣ.