ವೈರಾಣುವೊಂದನ್ನೇ ದೂರುವಂತಿಲ್ಲ

ಚರ್ಮದ ಕ್ಯಾನ್ಸರಿಗೆ ನರಹುಲಿ ಬರಿಸುವ ಹ್ಯೂಮನ್ ಪ್ಯಾಪಿಲೋಮಾ ವೈರಾಣುವೇ ಕಾರಣವೆಂಬ ಲೇಖನವೊಂದರ ಧಾಟಿ ತುಸು ಅವಸರದ್ದು. ಗರ್ಭಕಂಠದ ಕ್ಯಾನ್ಸರಿನಲ್ಲಿ ಈ ವೈರಾಣುವಿನ 16 ಮತ್ತು 18ನೆಯ ಬಗೆಗಳ ಪಾತ್ರ ಖಚಿತವಾಗಿದೆ. ಚರ್ಮದ ವಿಷಯದಲ್ಲಿ ಶಂಕೆಯಿರುವುದು ಇದರದೇ ಬೀಟಾ ಎಂಬ ಬೇರೆ ಗುಂಪಿನ 5, 8ರಂಥ ಬಗೆಗಳ ಮೇಲೆ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಹಾನಿಗೊಂಡ ಜೀವಕೋಶ ತಾನಾಗಿ ಸಾಯುವುದನ್ನು ಇವು ತಡೆಯುತ್ತವೆ, ಗಡ್ಡೆ ಬೆಳೆದ ಮೇಲೆ ಅಲ್ಲಿ ಕಾಣದಂತಾಗುತ್ತವೆ ಎಂಬ ವಾದವಿರುವುದರಿಂದ ಸಾಕ್ಷ್ಯ ಸಿಗುವುದೇ ಕಷ್ಟ. ಮೂತ್ರಪಿಂಡ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರಿಗೆ ಅಪಾಯ ಹೆಚ್ಚು.

ಕಲಬುರಗಿಯ ಬಿಸಿಲಿನಲ್ಲಿ ತೊಗರಿ ಹೊಲದಲ್ಲೇ ಆಯುಷ್ಯ ಕಳೆದ ನಮ್ಮ ಕಾಕಾ, ಕಿವಿಯಂಚಿನ ಒರಟು ಗಂಟನ್ನು ನರಹುಲಿಯೆಂದೇ ತಿಳಿದು, ಅದು ಒಡೆದು ರಕ್ತ ಜಿನುಗಿದಾಗಲೂ ಆರು ತಿಂಗಳು ಅರಿಶಿನ ಹಚ್ಚಿಕೊಂಡಿದ್ದರು. ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಕ್ಯಾನ್ಸರ್ ಇದೆಯೇ ಎಂದು ನೋಡುವ ಪರೀಕ್ಷೆ, ಆದದ್ದು ಆಮೇಲೆ.