ನಮ್ಮ ಮನೆಯ ಬೆಂಜ್ ಗಾಡಿ

ಹಳೆ ಲಾರಿಯ ಎಫ್‌ಸಿ, ಅಂದರೆ ಗಾಡಿ ಓಡಲು ಲಾಯಕ್ಕಿದೆ ಅನ್ನುವ ಫಿಟ್ನೆಸ್ ಸರ್ಟಿಫಿಕೇಟಿನ ಫೀ ಸುದ್ದಿ ನೀವೆಲ್ಲ ಓದಿಯೇ ಇರುತ್ತೀರಿ. 2025ರ ನವೆಂಬರಿನಲ್ಲಿ ದಿಲ್ಲಿಯವರು ಒಂದು ಸೊನ್ನೆ ಸೇರಿಸಿದರು. ಇಪ್ಪತ್ತು ವರ್ಷ ದಾಟಿದ ದೊಡ್ಡ ಲಾರಿಗೆ 2,500 ಇದ್ದದ್ದು 25,000 ಆಯಿತು. ಸೊನ್ನೆಗೆ ಬೆಲೆ ಇಲ್ಲ ಅಂತ ಕಲಿಸಿದ ನಮ್ಮ ಲೆಕ್ಕದ ಮಾಸ್ತರರನ್ನು ಹುಡುಕುತ್ತಿದ್ದೇನೆ.

ಇದರ ಬಿಸಿ ನಮಗೆ ತಟ್ಟಿದ್ದು ಕಾಕಾನ ಮಗನ, ಅಂದರೆ ನನ್ನ ತಮ್ಮನ ದೆಸೆಯಿಂದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಎರಡು ವರ್ಷದ ಹಿಂದೆ ಜಾತ್ರೆಗೆಂದು ಗದಗ ಸೀಮೆಯ ನಮ್ಮೂರಿಗೆ ಬಂದವನು ಹಿತ್ತಲಿನಲ್ಲಿದ್ದ ಅಜ್ಜನ ಲಾರಿ ನೋಡಿ ಕಣ್ಣೀರು ಹಾಕಿದ. ಹದಿನೆಂಟು ವರ್ಷದಿಂದ ಅದು ಅಲ್ಲೇ ನಿಂತಿತ್ತು. ಕ್ಯಾಬಿನ್ನಿನಲ್ಲಿ ಕೋಳಿಗಳು ಮೊಮ್ಮಕ್ಕಳನ್ನು ಕಂಡಿದ್ದವು. ನಾವು ಬಾನೆಟ್ ಮೇಲೆ ಸಂಡಿಗೆ ಒಣಗಿಸುತ್ತಿದ್ದೆವು. "ಇದು ನಮ್ಮ ಹೆರಿಟೇಜ್" ಅಂದ. ಸಂಡಿಗೆ ಎತ್ತಿಟ್ಟೆವು.

ಗಾಡಿ 1968ರದು, ಟಾಟಾ. ಆಗ ಟಾಟಾದವರಿಗೂ ಜರ್ಮನಿಯ ಡೈಮ್ಲರ್-ಬೆಂಜ್‌ನವರಿಗೂ ನಂಟಸ್ತನ. 1954ರಲ್ಲಿ ಕೂಡಿದ್ದು, 1969ರಲ್ಲಿ ಬಿಟ್ಟಿದ್ದು. ಹಾಗಾಗಿ ನಮ್ಮ ಲಾರಿಯ ಮೂತಿಯ ಮೇಲೆ ಬೆಂಜ್ ನಕ್ಷತ್ರ ಉಳಿದಿದೆ. ಊರವರ ಬಾಯಲ್ಲಿ ಅದು "ಬೆಂಜ್ ಗಾಡಿ". ಈಗಿನ ಬೆಂಜ್ ಮಾಲೀಕರು ತಮ್ಮ ಕಾರಿನಲ್ಲಿ ಎಸಿ ಹಾಕಿಕೊಂಡು ಓಡಾಡುತ್ತಾರೆ. ನಮ್ಮ ಬೆಂಜ್ ಹುಬ್ಬಳ್ಳಿಗೆ ಹತ್ತಿ ಅಂಡಿಗೆ ಹೊತ್ತಿತು, ಬ್ಯಾಡಗಿಗೆ ಮೆಣಸಿನಕಾಯಿ ಚೀಲ ಹೊತ್ತಿತು, ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಇಡೀ ಓಣಿಯನ್ನೇ ಹೊತ್ತಿತು. ಅಜ್ಜಿಗೆ ಡ್ರೈವರ್ ಪಕ್ಕದ ಸೀಟು. ಉಳಿದವರೆಲ್ಲ ಬುತ್ತಿ ಗಂಟಿನ ಜೊತೆ ಹಿಂದೆ.

ಗುಜರಿಯವನನ್ನು ಮೊದಲು ಕರೆಸಿದ್ದು ನಾನೇ. ನಾಲ್ಕೂವರೆ ಟನ್, ಕಿಲೋಗೆ ಮೂವತ್ತು. 1,35,000 ರೂಪಾಯಿ ಎಣಿಸಲು ತಯಾರಿದ್ದ. "ಅಜ್ಜನ್ನ ಕಿಲೋ ಲೆಕ್ಕದಾಗ ಮಾರ್ತೀಯೇನು?" ಅಂತ ತಮ್ಮ ಎಗರಿದ. ಗಾಡಿ ಕ್ರೇನಿಗೆ ಜೋತುಬಿದ್ದು ಹುಬ್ಬಳ್ಳಿಯ ಗಬ್ಬೂರು ಕ್ರಾಸಿನ ಹತ್ತಿರದ ಒಂದು ಗ್ಯಾರೇಜಿಗೆ ಹೋಯಿತು. ಅಲ್ಲಿನ ಮೇಸ್ತ್ರಿಗೆ ಒಂದೇ ಮಾತು ಬರುತ್ತಿತ್ತು: "ಬಿಚ್ಚಿ ನೋಡ್ಬೇಕ್ರಿ." ಎಂಜಿನ್ ಬಿಚ್ಚಿದ, ಲೈನರ್-ಪಿಸ್ಟನ್ ಹೋಗಿತ್ತು. ಪಂಪ್ ಬಿಚ್ಚಿದ, ಅದೂ ಹೋಗಿತ್ತು. ಕಿಂಗ್‌ಪಿನ್, ಕ್ಲಚ್, ಬ್ರೇಕ್ ಡ್ರಮ್, ಪಾಟಾ. ಬಿಚ್ಚಿದ್ದೆಲ್ಲ ನಮ್ಮ ಜೇಬು. ಆರು ಟೈರು ಬೇರೆ, ಕಟ್ಟಿಗೆಯ ಬಾಡಿ ಬೇರೆ. ಒಟ್ಟು 7,40,000. ಇಷ್ಟಕ್ಕೆ ದುಡಿಯುವ ಸೆಕೆಂಡ್ ಹ್ಯಾಂಡ್ ಲಾರಿಯೇ ಬರುತ್ತಿತ್ತಲ್ಲೋ ಅಂದೆ. "ನಿನಗೆ ಭಾವನೆ ಇಲ್ಲ" ಅಂದ. ಇತ್ತಪ್ಪ. ಜಿಎಸ್‌ಟಿ ಸಮೇತ ಇರಲಿಲ್ಲ, ಅಷ್ಟೇ.

ಪೇಂಟಿಂಗ್ ಕತೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಹಿಂದೆ ಕ್ಯಾಬಿನ್ ಹಣೆಯ ಮೇಲೆ "ಶ್ರೀ ಯಲ್ಲಮ್ಮದೇವಿ ಪ್ರಸನ್ನ" ಅಂತ ಪೇಂಟರ್ ಕೈಯಲ್ಲಿ ಬರೆದಿದ್ದ. ಪ್ರತಿ ಅಕ್ಷರಕ್ಕೂ ನೆರಳು, ಪ್ರತಿ ಒತ್ತಿಗೂ ಒಂದು ಚಹಾ. ಹಿಂದಿನ ಫಳಿಯ ಮೇಲೆ ಎರಡು ನವಿಲು. ಒಂದು ನವಿಲಿಗೆ ಮೂರು ಕಾಲು ಬಂದಿದ್ದವು. ಅಜ್ಜ ಕೇಳಿದ್ದಕ್ಕೆ "ಸ್ಟೆಪ್ನಿ ಇರ್ಲಿ ಬಿಡ್ರಿ" ಅಂದಿದ್ದನಂತೆ. ಅಂಥವನು ಈಗ ಸಿಗಲಿಲ್ಲ. ಸ್ಟಿಕ್ಕರ್ ಅಂಗಡಿಗೆ ಹೋದೆವು. ಹುಡುಗ ಕಂಪ್ಯೂಟರಿನಲ್ಲಿ ಹೊಡೆದ, ಯಲ್ಲಮ್ಮನ ಒತ್ತಕ್ಷರವೆಲ್ಲ ಬಿಚ್ಚಿಕೊಂಡು ಸಾಲಾಗಿ ನಿಂತವು. "ಫಾಂಟ್ ಪ್ರಾಬ್ಲಂ ಸರ್, ಇಂಗ್ಲಿಷ್‌ನಾಗ ಹಾಕ್ಲ್ಯಾ?" ಅಂದ. ದೇವಿಗೇ ಒತ್ತು ಕೊಡಲಾಗದ ಕಾಲ ಬಂತು.

ಗಾಡಿ ಎದ್ದು ನಿಂತ ದಿನ ಅಜ್ಜನ ಕಾಲದ ಡ್ರೈವರನ್ನು ಕರೆಸಿದೆವು. ಆ ಗೇರಿನ ಮರ್ಜಿ ಗೊತ್ತಿದ್ದವನು ಅವನೊಬ್ಬನೇ. ಇಬ್ಬರು ಹಿಡಿದು ಹತ್ತಿಸಬೇಕಾಯಿತು. ಊರ ಸುತ್ತ ಒಂದು ಸುತ್ತು ಹಾಕಿ ಇಳಿದವನು "ಇದರ ಕೀಲು ನನ್ನ ಮೊಳಕಾಲಿಗಿಂತ ಚಲೋ ಆಗ್ಯಾವ" ಅಂದ. ಎಲ್ಲರೂ ಟೈರು ನೋಡುತ್ತ ನಿಂತೆವು.

ಆಮೇಲೆ ಎಫ್‌ಸಿ. ನಮ್ಮ ನಂಬರು ಎಂವೈಯಿಂದ ಶುರುವಾಗುತ್ತದೆ. ಮೈಸೂರು ರಾಜ್ಯದ ಎಂವೈ. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬರುವ ಮೊದಲೇ, 1997ರಲ್ಲಿ ಧಾರವಾಡ ಒಡೆದು ಗದಗ ಜಿಲ್ಲೆ ಆಗುವ ಎಷ್ಟೋ ಮೊದಲೇ ಈ ಗಾಡಿ ಓಡುತ್ತಿತ್ತು. ಕೌಂಟರಿನವನು ಸ್ಕ್ರೀನ್ ನೋಡಿ "ಸಿಸ್ಟಮ್‌ನಾಗ ತೋರಸವಲ್ದ್ರಿ" ಅಂದ. ಹೊರಗೆ ಆರು ಗಾಲಿಯ ಮೇಲೆ ನಿಂತಿದೆ ನೋಡಪ್ಪ ಅಂದೆ. ಅವನು ನೋಡಲಿಲ್ಲ.

ತಮ್ಮನ ತಲೆಗೆ ವಿಂಟೇಜ್ ಐಡಿಯಾ ಹೊಳೆದದ್ದು ಆಗ. 2021ರ ನಿಯಮ ಬಲು ಚಂದ ಇದೆ. ಐವತ್ತು ವರ್ಷ ದಾಟಿದ ಗಾಡಿಗೆ 20,000 ಕಟ್ಟಿದರೆ ಹತ್ತು ವರ್ಷ ನಿಶ್ಚಿಂತೆ, ಜೊತೆಗೆ ವಿಎ ಅಕ್ಷರದ ಸ್ಪೆಷಲ್ ನಂಬರು. ವರ್ಷಕ್ಕೆ ಎರಡೇ ಸಾವಿರ ಬಿತ್ತು. ಆದರೆ ಸ್ವಂತಕ್ಕೆ ಬಳಸಿದ ಬೈಕು, ಕಾರಿನಂಥವಕ್ಕೆ ಮಾತ್ರ. ಬಾಡಿಗೆಗೆ ದುಡಿದ ಗಾಡಿಗೆ ಇಲ್ಲ. ವಿಂಟೇಜ್ ಗಾಡಿ ರಸ್ತೆಗೆ ಇಳಿಯಬಹುದಾದದ್ದೂ ರ‍್ಯಾಲಿಗೆ, ಪ್ರದರ್ಶನಕ್ಕೆ, ರಿಪೇರಿಗೆ, ಎಣ್ಣೆ ಹಾಕಿಸಲಿಕ್ಕೆ. ಎಂಥ ನ್ಯಾಯ! ಸುಮ್ನೆ ನಿಂತು ಒರೆಸಿಕೊಂಡದ್ದು ಪರಂಪರೆ. ಮೆಣಸಿನಕಾಯಿ ಹೊತ್ತದ್ದು ಗುಜರಿ. ದುಡಿಯುವ ತಪ್ಪಿಗೆ ವರ್ಷ ವರ್ಷವೂ ಎಫ್‌ಸಿ, ಪ್ರತಿ ಸಲ 25,000.

ಹಳೆ ಗಾಡಿ ಜೀವಕ್ಕೆ ಅಪಾಯ ಅನ್ನುತ್ತಾರೆ. ಒಪ್ಪುತ್ತೇನೆ, ಬ್ರೇಕ್ ಇಲ್ಲದ ಲಾರಿ ಯಾರಿಗೂ ಬೇಡ. ಆದರೆ ಗಬ್ಬೂರಿನಿಂದ ನರೇಂದ್ರದವರೆಗಿನ ಹುಬ್ಬಳ್ಳಿ-ಧಾರವಾಡ ಬೈಪಾಸಿಗೆ ಎಫ್‌ಸಿ ಕೊಟ್ಟವರು ಯಾರು? ಆ ಕಡೆ ನಾಲ್ಕು ಪಥ, ಈ ಕಡೆ ನಾಲ್ಕು ಪಥ, ನಡುವೆ ಮೂವತ್ತು ಕಿಲೋಮೀಟರ್ ಎರಡೇ ಪಥ ಇತ್ತು. ವರ್ಷಗಟ್ಟಲೆ. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ದಾವಣಗೆರೆಯ ಹೆಣ್ಣುಮಕ್ಕಳು ಸತ್ತರು. ಒಬ್ಬಿಬ್ಬರಲ್ಲ. ಗೆಳತಿಯರೆಲ್ಲ ಕೂಡಿ ಗೋವಾ ನೋಡಲು ಹೊರಟವರು. ಅಗಲ ಮಾಡುವ ಕೆಲಸ ಶುರುವಾಗಿದ್ದು ಅದಾದ ಮೇಲೆ. ನಾನು ಆ ದಾರಿಯಲ್ಲಿ ಎಷ್ಟು ಸಲ ಹೋಗಿದ್ದೇನೋ, ಟೋಲ್ ಗೇಟು ಕೆಟ್ಟು ನಿಂತದ್ದನ್ನು ಒಂದು ಸಲವೂ ನೋಡಲಿಲ್ಲ. ಗಾಡಿ ಹಳತಾದರೆ ನಾವು ಕಟ್ಟಬೇಕು. ರಸ್ತೆ ಸಾಲದಾದರೂ ನಾವೇ ಕಟ್ಟಬೇಕು. ತಮಾಷೆ ಮಾಡೋಣ ಅಂತ ಕೂತವನು ನಾನು. ಇಲ್ಲಿ ನನಗೆ ಆಗುತ್ತಿಲ್ಲ.

ಇರಲಿ. ಲಾರಿ ಈಗ ಮನೆಯ ಮುಂದೆ ಚಪ್ಪರದ ಕೆಳಗಿದೆ. ಎಫ್‌ಸಿ ಇಲ್ಲ, ಆದ್ದರಿಂದ ಓಡುವುದಿಲ್ಲ. ಕೋಳಿಗಳಿಗೆ ಪ್ರವೇಶವಿಲ್ಲ. ಹಾಕಿದ ದುಡ್ಡು ಹೇಗಾದರೂ ಹುಟ್ಟಲಿ ಅಂತ ತಮ್ಮ ಪ್ರಿ-ವೆಡ್ಡಿಂಗ್ ಶೂಟಿಂಗಿಗೆ ಬಿಟ್ಟ. ತಾಸಿಗೆ 1,500. ಮೊದಲ ಜೋಡಿ ಹೋದ ವಾರ ಹುಬ್ಬಳ್ಳಿಯಿಂದ ಬಂತು. ಹುಡುಗ ಹೊಸ ಧೋತರ ಉಟ್ಟಿದ್ದ, ಹುಡುಗಿಯ ತಲೆಯ ಮೇಲೆ ಖಾಲಿ ಬುಟ್ಟಿ. ಫೋಟೋಗ್ರಾಫರ್ ಗಾಡಿಯನ್ನು ಎರಡು ಸುತ್ತು ಸುತ್ತಿದ. ಮುಖ ಸಪ್ಪಗೆ ಮಾಡಿದ.

"ಭಾಳ ಹೊಸಾದು ಕಾಣಸ್ತೈತಿ ಸರ್. ಸ್ವಲ್ಪ ತುಕ್ಕು ಇದ್ದಿದ್ರ ಮಸ್ತ್ ಬರ್ತಿತ್ತು."

ತಮ್ಮ ಈಗ ತುಕ್ಕು ಬರೆಯುವ ಪೇಂಟರನ್ನು ಹುಡುಕುತ್ತಿದ್ದಾನೆ. ಒಬ್ಬ ಸಿಕ್ಕಿದ್ದಾನಂತೆ, ನಲವತ್ತು ಸಾವಿರ ಕೇಳುತ್ತಿದ್ದಾನೆ.