ಜಾಯಿಂಟ್ ವೀಲ್ ಮತ್ತು ಅಪ್ಪನ ಹೊಟ್ಟೆ

ಅಳುವ ಮಗುವನ್ನು ಎತ್ತಿ ಕೊಲಂಬಸ್ ಎಂಬ ತೂಗುವ ಹಡಗಿನಲ್ಲಿ ಕೂರಿಸಿ, ಅದು ಇನ್ನಷ್ಟು ಅಳುವುದನ್ನು ಮೊಬೈಲಿನಲ್ಲಿ ಹಿಡಿದು, ನಗುವ ಇಮೋಜಿ ಅಂಟಿಸಿ ವಾಟ್ಸಾಪಿಗೆ ಬಿಡುವ ಅಪ್ಪಂದಿರ ಸೀಸನ್ ಮತ್ತೆ ಬಂದಿದೆ. ಮುಂಬಯಿಯಲ್ಲಿ ಸೆಪ್ಟೆಂಬರಿಗೆ ಬಾಂದ್ರಾದ ಮೌಂಟ್ ಮೇರಿ ಜಾತ್ರೆ, ಡಿಸೆಂಬರಿಗೆ ಮಾಹಿಮ್ ಮೇಳ, ನಡುವೆ ಡೊಂಬಿವಲಿ ಕಡೆ ಖಾಲಿ ಮೈದಾನ ಕಂಡಲ್ಲೆಲ್ಲ ಒಂದೊಂದು ಆನಂದ ಮೇಳಾ. ‘ಹೆದರ್ಬೇಡ ಪುಟ್ಟಾ, ಅಪ್ಪ ಪಕ್ಕದಲ್ಲೇ ಇದ್ದೀನಲ್ಲ!’

ಪಕ್ಕದಲ್ಲೇ ಇರುವುದೇ ಫಜೀತಿ. ಇಬ್ಬರಿಗೂ ಸೇರಿ ಒಂದೇ ಕಂಬಿ. ಅದು ಕೆಳಗಿಳಿಯುತ್ತ ಮೊದಲು ಯಾರಿಗೆ ತಾಗುತ್ತದೋ ಅಲ್ಲಿಗೇ ಲಾಕ್. ಮಾಟುಂಗಾದ ಬೆಣ್ಣೆ ದೋಸೆ ಹಾಕಿ ಬೆಳೆಸಿದ ಹೊಟ್ಟೆಗೆ ತಾಗಿ ಕಂಬಿ ನಿಂತಾಗ, ಮಗುವಿನ ತೊಡೆಗೂ ಅದಕ್ಕೂ ನಡುವೆ ಒಂದು ಗೇಣು ಜಾಗ. ಹಡಗು ತುದಿಗೇರಿ ತಿರುಗುವ ಗಳಿಗೆಯಲ್ಲಿ ಮೈ ಸೀಟು ಬಿಟ್ಟು ಏಳುತ್ತದೆ. ಅಪ್ಪನನ್ನು ಹೊಟ್ಟೆ ಹಿಡಿದುಕೊಳ್ಳುತ್ತದೆ. ಮಗುವನ್ನು ಹಿಡಿದಿರುವುದು ಅಪ್ಪನ ಎಡಗೈ. ಬಲಗೈಯಲ್ಲಿ ಮೊಬೈಲು.

ನಡುವಿನ ಸಾಲಿನಲ್ಲಿ ಕೂತರೆ ಇಷ್ಟು ಏರಿಳಿತವಿಲ್ಲ, ಎರಡು ತುದಿಯ ಸಾಲುಗಳೇ ಎಲ್ಲಕ್ಕಿಂತ ಎತ್ತರಕ್ಕೆ ಹೋಗುವುದು. ಆದರೆ ಟಿಕೆಟ್ ದುಡ್ಡು ವಸೂಲಾಗಬೇಡವೇ? ತುದಿಗೇ ಕೂರಬೇಕು. ಅಂದಹಾಗೆ ಇಂಥ ಹಡಗನ್ನು ತೂಗುವುದು ಸಾಮಾನ್ಯವಾಗಿ ತಳಕ್ಕೆ ಒತ್ತಿಕೊಂಡು ತಿರುಗುವ ಒಂದು ರಬ್ಬರ್ ಟೈರು. ನಿಲ್ಲಿಸುವುದೂ ಅದೇ ಟೈರು. ಮಳೆ ಹನಿದು ಟೈರು ಒದ್ದೆಯಾದರೆ ಹಿಡಿತ ಜಾರುತ್ತದೆ, ಹಡಗು ತನಗೆ ಸಾಕೆನಿಸಿದಾಗ ನಿಲ್ಲುತ್ತದೆ.

ದೊಡ್ಡ ಪಾರ್ಕುಗಳಲ್ಲಿ ಶಿಸ್ತಿದೆ, ಒಪ್ಪೋಣ. 1989ರಲ್ಲಿ ಗೋರಾಯಿಯಲ್ಲಿ ಎಸ್ಸೆಲ್‌ವರ್ಲ್ಡ್ ಶುರುವಾದಾಗಿನಿಂದ ಮುಂಬಯಿಗರಿಗೆ ಎತ್ತರ ಅಳೆಯುವ ಕೋಲು ಪರಿಚಿತ. ಆ ಕೋಲಿನೆದುರು ನಡೆಯುವ ಯೋಗಾಸನವನ್ನು ಮಾತ್ರ ಯಾರೂ ಸರಿಯಾಗಿ ಹಾಡಿ ಹೊಗಳಿಲ್ಲ. ಕೌಂಟರಿನಲ್ಲಿ ಟಿಕೆಟ್ ಎತ್ತರದ ಲೆಕ್ಕಕ್ಕೆ ಇದ್ದರೆ, ‘ಸ್ವಲ್ಪ ಮಂಡಿ ಬಗ್ಗಿಸೋ’ ಎಂದು ಅಮ್ಮ ಹೆಗಲು ಒತ್ತುತ್ತಾಳೆ. ಅದೇ ಹುಡುಗ ರೋಲರ್ ಕೋಸ್ಟರಿನ ಬಾಗಿಲಿಗೆ ಬಂದಾಗ, ‘ಹಿಮ್ಮಡಿ ಎತ್ತೋ’ ಎಂದು ಅಪ್ಪ ಕಿವಿ ಹಿಂಡುತ್ತಾನೆ. ಅರ್ಧ ಗಂಟೆಯಲ್ಲಿ ಮಗು ನಾಲ್ಕು ಬೆರಳು ಬೆಳೆದಿರುತ್ತದೆ. ಕಾಂಪ್ಲಾನ್ ಕಂಪನಿಗೂ ಸಾಧ್ಯವಾಗದ್ದು! ಪಾಪ, ಕೋಲು ನೋಡುವುದು ಇಷ್ಟೇ: ಸೊಂಟಕ್ಕೆ ಕಂಬಿ ಕೂರುತ್ತದೆಯೇ, ಭುಜಕ್ಕೆ ಪಟ್ಟಿ ನಿಲ್ಲುತ್ತದೆಯೇ, ಕಂಬಿಯಡಿ ಮಗು ಜಾರಿ ಹೋಗುತ್ತದೆಯೇ. ಶೂಸಿನ ಹಿಮ್ಮಡಿಯಿಂದ ಸೊಂಟ ದಪ್ಪವಾಗುವುದಿಲ್ಲ.

ಮೇಳದಲ್ಲಿ ಆ ಕೋಲಿನ ಕಾಟವೂ ಇಲ್ಲ. ಅಲ್ಲಿ ರಾಜ ಎಂದರೆ ಜಾಯಿಂಟ್ ವೀಲ್. ಜಾಯಂಟ್ ಎನ್ನಬೇಕೆಂದು ಇಂಗ್ಲಿಷ್ ಮೇಷ್ಟ್ರು ತಿದ್ದುತ್ತಾರೆ, ಕೇಳಬೇಡಿ, ನಮ್ಮ ಜನ ಇಟ್ಟ ಹೆಸರೇ ಸರಿ. ಆ ಚಕ್ರದಲ್ಲಿರುವುದೆಲ್ಲ ಜಾಯಿಂಟೇ. ಲಾರಿಯಲ್ಲಿ ಬಿಡಿಬಿಡಿಯಾಗಿ ಬಂದು, ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿಕೊಳ್ಳುವ ಚಕ್ರವದು. ಪ್ರತಿ ಊರಿನಲ್ಲಿ ಜಾಯಿಂಟು ಬಿಚ್ಚದಂತೆ ಹಿಡಿದಿಡುವ ಒಂದೆರಡು ಪಿನ್ ಕಳೆದುಹೋಗುತ್ತವೆ. ಕಳೆದ ಪಿನ್ನಿನ ಜಾಗಕ್ಕೆ ಬಾಗಿಸಿದ ಮೊಳೆ, ಅದೂ ಇಲ್ಲದಿದ್ದರೆ ಬೈಂಡಿಂಗ್ ವೈರು. ಸಮುದ್ರದಂಡೆಯಾದರೆ ಉಪ್ಪುಗಾಳಿ ಬೋಲ್ಟನ್ನು ತಿನ್ನುತ್ತದೆ. ಮರಳಿನಲ್ಲಿ ಬುಡಕ್ಕಿಟ್ಟ ಮರದ ದಿಮ್ಮಿ ಒಂದು ಪಕ್ಕ ಕುಸಿದರೆ ಇಡೀ ಚಕ್ರ ವಾಲುತ್ತದೆ. ಜನರನ್ನು ಹತ್ತಿಸುವುದಕ್ಕೂ ಕ್ರಮವಿದೆ. ಹನ್ನೆರಡು ತೊಟ್ಟಿಲಿದ್ದರೆ ಒಂದನೆಯದಾದ ಮೇಲೆ ಎದುರಿನ ಏಳನೆಯದು. ಸಾಲಾಗಿ ತುಂಬಿಸುತ್ತ ಹೋದರೆ ಭಾರವೆಲ್ಲ ಒಂದೇ ಕಡೆ ಬಿದ್ದು ಬ್ರೇಕು ಜಗ್ಗಾಡುತ್ತದೆ. ಅಷ್ಟು ಪುರುಸೊತ್ತು ಯಾರಿಗಿದೆ, ಭಾನುವಾರ ಸಂಜೆ ಏಳಕ್ಕೆ?

ಜುಹು ಚೌಪಾಟಿಯ ಕೈತಿರುಗಣೆ ಚಕ್ರ ನೋಡಿ. ನಾಲ್ಕು ಡಬ್ಬಿ, ತಿರುಗಿಸಲು ಒಬ್ಬ ಮನುಷ್ಯ. ಮಗು ‘ರುಕೋ’ ಎಂದರೆ ನಿಲ್ಲುತ್ತದೆ. ಅದರ ಎಮರ್ಜೆನ್ಸಿ ಬ್ರೇಕು ಆ ಮನುಷ್ಯನ ಕಿವಿ. ಅದಕ್ಕೇ ಮಕ್ಕಳು ಅಲ್ಲಿ ಇಳಿದ ತಕ್ಷಣ ‘ಇನ್ನೊಂದ್ಸಲ’ ಎನ್ನುವುದು. ಹೆದರಿಕೆ ತಮ್ಮ ಕೈಯಲ್ಲಿದ್ದಾಗಲೇ ಅವರಿಗೆ ಮಜಾ. ಕೊಲಂಬಸ್ಸಿನ ಆಪರೇಟರಿಗೆ ಸ್ಪೀಕರಿನ ಹಾಡಿನಲ್ಲಿ ಯಾವ ಕಿರುಚಾಟ ಯಾವುದೆಂದು ಗೊತ್ತಾಗುವುದಿಲ್ಲ. ಖುಷಿಯದೋ, ಜೀವದ್ದೋ?

ಇನ್ನು ಗೇಟಿನ ಬೋರ್ಡು: ‘ಅಪಘಾತಕ್ಕೆ ಮಾಲೀಕರು ಜವಾಬ್ದಾರರಲ್ಲ.’ ಎಂಥ ಪ್ರಾಮಾಣಿಕತೆ! ಪೊಲೀಸರ ಪರವಾನಗಿ, ಅಗ್ನಿಶಾಮಕ ದಳದ ಎನ್‌ಒಸಿ, ಪಾಲಿಕೆಯ ಅನುಮತಿ, ಎಲ್ಲದರ ಝೆರಾಕ್ಸ್ ಪಕ್ಕದಲ್ಲೇ ನೇತಾಡುತ್ತಿರುತ್ತದೆ. ಏನಾದರೂ ಆದರೆ ಮರುದಿನ ಏನಾಗುತ್ತದೆಂದು ನಿಮಗೂ ಗೊತ್ತು: ಆಪರೇಟರ್ ಬಂಧನ, ತನಿಖೆಗೆ ಆದೇಶ, ಮುಂದಿನ ತಿಂಗಳು ಇನ್ನೊಂದು ಮೈದಾನ. ತಿಂಗಳ ಸಂಬಳದ ಆ ಹುಡುಗ ಮೊಳೆ ಬಾಗಿಸಿದ, ನಿಜ. ಪಿನ್ ಕೊಡಿಸಬೇಕಾದವನು ಯಾರು? ಸಹಿ ಹಾಕುವ ಮೊದಲು ಒಂದು ಪಿನ್ನನ್ನಾದರೂ ಕೈಯಲ್ಲಿ ಹಿಡಿದು ಎಳೆದು ನೋಡಿದವರು ಯಾರು? ಬೇಜಾರು ಬಂದಿದೆ. ಇಡೀ ಮೇಳದಲ್ಲಿ ಸರಿಯಾಗಿ ತಪಾಸಣೆ ಮಾಡುತ್ತಿರುವುದು ಅಳುವ ಮಗು ಒಂದೇ, ಅದರ ಬಾಯಿ ಮುಚ್ಚಿಸಲು ನಾವು ದುಡ್ಡು ಕೊಡುತ್ತೇವೆ.

ಹತ್ತಲೇಬೇಕಾದರೆ, ಚಕ್ರ ಹೊರಡುವ ಮೊದಲು ಕಂಬಿಯನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ ನೋಡಿ. ಎದ್ದು ಬಂದರೆ ಇಳಿಯಿರಿ. ಟಿಕೆಟ್ ದುಡ್ಡು ವಾಪಸ್ ಕೊಡುವುದಿಲ್ಲ ಎನ್ನುತ್ತಾನೆ, ಕೊಡದಿರಲಿ. ಪಕ್ಕದಲ್ಲೇ ಬೊಂಬಾಯಿ ಮಿಠಾಯಿ ಸಿಗುತ್ತದೆ. ಬೊಂಬಾಯಿಯಲ್ಲಿ ಮಾತ್ರ ಆ ಹೆಸರು ನಡೆಯುವುದಿಲ್ಲ, ‘ಬುಡ್ಢಿ ಕೆ ಬಾಲ್’ ಎಂದು ಕೇಳಿ.